ರೀಮಿಕ್ಸ್ ಅಲ್ಲ ಸ್ವಾಮಿ ಅದು!

ಸರ್ವಜ್ಞನ ಊರೆನ್ನುವ ಅಬಲೂರಿಗೆ ಹೊರಟಿದ್ವಿ. ಕಾರಲ್ಲಿ ರಘು ದೀಕ್ಷಿತ್ ಹಾಡಿದ ಶರೀಫರ ಪದ. “ಶರೀಫಜ್ಜನ ರೀಮಿಕ್ಸ್ ಭಾರಿ ಐತಲೇ” ಅಂದ ಹಾವೇರಿ ಗೆಳೆಯ.

ರೀಮಿಕ್ಸ್ ಹೆಂಗಾದೀತು? ರೆಕಾರ್ಡ್ ಆದ ಹಾಡಿನ ದನಿ, ಡ್ರಮ್, ಬೇಸ್ ಬಿಡಿಸಿ ಮತ್ತೆ ಬೆರೆಸೋದು ರೀಮಿಕ್ಸ್. ಜಮೈಕಾದ ಕಿಂಗ್ ಟಬ್ಬಿ ಮಾಡಿದ್ದು ಅದನ್ನೇ. ಶಿಶುನಾಳದ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಬೆರೆಸೋಕೆ ಅವರ ದನಿಯೇ ಇಲ್ಲ. ಸಿ. ಅಶ್ವತ್ಥ್ ಆಗಲಿ, ರಘು ಆಗಲಿ, ಹೊಸದಾಗಿ ಹಾಡಿದವರು. ಅದು ಅವರದೇ ದುಡಿಮೆ.

ಜಾತ್ರೆಯ ‘ಡಿಜೆ ರೀಮಿಕ್ಸ್’ ಕೇಳಿ. ಅಲ್ಲಿ ಇನ್ನೊಬ್ಬರ ದನಿ ನಿಜವಾಗಿಯೂ ಇರುತ್ತೆ. ಆದರೆ ಎಷ್ಟೋ ಸಲ ಹೆಸರು ಡಿಜೆದು ಮಾತ್ರ.

ಒಂದು ಪದಕ್ಕೆ ಇಷ್ಟು ಜಗಳವಾ ಅಂತೀರಾ? ಹೌದು. ಹೊಸದಾಗಿ ಹಾಡಿದ್ರೆ ಮರುಗಾಯನ ಅನ್ನಿ. ರೀಮಿಕ್ಸ್ ಮಾಡಿದ್ರೆ ಮೊದಲು ಹಾಡಿದವರ ಹೆಸರು ಹಾಕಿ, ಕಾಸೂ ಕೊಡಿ.