ಕೃತಿಯ ವರ್ಷ, ತೆರಿಗೆಯ ವರ್ಷ

ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯವನ್ನೇ ನಡೆಸಿದರು. ಅ. ನ. ಕೃಷ್ಣರಾಯರು ಲೇಖನಿಯನ್ನು ನೆಚ್ಚಿ ಬಾಳಿದರು. ಬರಹವು ಬಿಡುವಿನ ವೇಳೆಯ ವಿನೋದವಲ್ಲ, ಅದೂ ಒಂದು ದುಡಿಮೆ ಎಂಬುದನ್ನು ಕನ್ನಡಕ್ಕೆ ಬದುಕಿ ತೋರಿಸಿದವರು ಇವರು. ಆದರೂ ಹಣದ ಮಾತು ಬಂದೊಡನೆ ನಮ್ಮ ಲೇಖಕರಲ್ಲಿ ಅನೇಕರು ಇಂದಿಗೂ ಸಂಕೋಚದಿಂದ ಮುಖ ತಿರುಗಿಸುತ್ತಾರೆ. ಸಂಭಾವನೆ ಬಂದರೆ ಭಾಗ್ಯ, ಬಾರದಿದ್ದರೆ ನಾಡಸೇವೆ! ಈ ಮನೋಭಾವದಲ್ಲಿ ಔದಾರ್ಯವಿದೆ, ನಷ್ಟವೂ ಇದೆ. ಆ ನಷ್ಟವು ಸ್ಪಷ್ಟವಾಗಿ ಗೋಚರಿಸುವುದು ವರಮಾನ ತೆರಿಗೆಯ ಬಾಗಿಲಿನಲ್ಲಿ.

ಸ್ವತಂತ್ರವಾಗಿ ದುಡಿಯುವ ಅನುವಾದಕನೊಬ್ಬನನ್ನು ಊಹಿಸಿಕೊಳ್ಳೋಣ. ಒಂದು ಕಂಪನಿ ವರ್ಷದಲ್ಲಿ ಅವನಿಗೆ 80,000 ರೂಪಾಯಿ ಕೊಡಬೇಕಾಗಿದೆ. ಕೈಗೆ ಬರುವುದು 72,000. ಒಂದೇ ಸಂಸ್ಥೆಯಿಂದ ಸಲ್ಲುವ ವೃತ್ತಿಶುಲ್ಕವು ವರ್ಷಕ್ಕೆ 50,000 ರೂಪಾಯಿ ಮೀರಿದರೆ ನೂರಕ್ಕೆ 10ರಷ್ಟನ್ನು ಮೂಲದಲ್ಲಿಯೇ ಮುರಿದುಕೊಳ್ಳುವುದು ನಿಯಮ. 2025ರ ಏಪ್ರಿಲಿಗೆ ಮೊದಲು ಈ ಮಿತಿ 30,000 ಇತ್ತು. ಪ್ಯಾನ್ ಸಂಖ್ಯೆ ಕೊಡದಿದ್ದವನಿಂದ ನೂರಕ್ಕೆ 20 ಮುರಿಯುತ್ತಾರೆ. ವಾಸ್ತವವಾಗಿ ಈತ ತೆರಿಗೆಯನ್ನೇ ಕೊಡಬೇಕಾಗಿಲ್ಲದಿರಬಹುದು. 2025ರ ಬಜೆಟ್ಟಿನ ಬಳಿಕ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ವರಮಾನಕ್ಕೆ ರಿಯಾಯಿತಿ ಕಳೆದು ತೆರಿಗೆ ಉಳಿಯುವುದಿಲ್ಲ. ಆದರೆ ಮುರಿದ ಹಣ ತಾನಾಗಿ ಮನೆಗೆ ಬಾರದು. ಗಡುವಿನೊಳಗೆ ರಿಟರ್ನ್ ಸಲ್ಲಿಸಿ ಅದನ್ನು ಕೇಳಬೇಕು. 'ತೆರಿಗೆ ಕಟ್ಟುವಷ್ಟು ನಾನು ದೊಡ್ಡವನಲ್ಲ' ಎಂದು ಸುಮ್ಮನಿರುವ ಲೇಖಕನೇ ತನಗೆ ಅನ್ವಯಿಸದ ತೆರಿಗೆಯನ್ನು ತೆತ್ತವನಾಗುತ್ತಾನೆ. ವಿನಯಕ್ಕೆ ಇಂಥ ದಂಡ ಬೇರೆಲ್ಲಿಯೂ ಇರಲಾರದು.

ಆದುದರಿಂದ ಬರೆಯುವವನ ಮೇಜಿನ ಮೇಲೆ ಹಸ್ತಪ್ರತಿಯ ಪಕ್ಕದಲ್ಲಿ ಒಂದು ಲೆಕ್ಕದ ಪುಸ್ತಕವೂ ಇರಬೇಕು. ಯಾರಿಂದ, ಎಂದು, ಎಷ್ಟು ಬಂತು, ಎಷ್ಟು ಮುರಿಯಿತು ಎಂಬುದನ್ನು ಅಂದಂದೇ ಗುರುತಿಸಿಡಬೇಕು. ವೃತ್ತಿಗಾಗಿಯೇ ಮಾಡಿದ ವೆಚ್ಚವನ್ನು ಕಳೆದು ಉಳಿದದ್ದೇ ನಿವ್ವಳ ವರಮಾನ. ಆಕರಗ್ರಂಥಗಳ ಬೆಲೆ, ಬೆರಳಚ್ಚಿನ ಕೂಲಿ, ಅಂಚೆ, ಕೃತಿಯ ಸಲುವಾಗಿ ಕೈಗೊಂಡ ಪ್ರವಾಸ, ಇವುಗಳ ರಸೀತಿಗಳನ್ನು ಕಸದ ಬುಟ್ಟಿಗೆ ಹಾಕುವುದು ವೈರಾಗ್ಯವಲ್ಲ, ಅಜಾಗರೂಕತೆ.

ಇನ್ನು ಪ್ರಕಾಶಕರ ಹೊಣೆ. 2003ರಲ್ಲಿ ಸರಕಾರವು ವರಮಾನ ತೆರಿಗೆ ಕಾಯಿದೆಗೆ 80ಕ್ಯೂಕ್ಯೂಬಿ ಎಂಬ ಪ್ರಕರಣವನ್ನು ಸೇರಿಸಿ, ಸಾಹಿತ್ಯ, ಕಲೆ, ವಿಜ್ಞಾನದ ಗ್ರಂಥಗಳಿಂದ ಬರುವ ರಾಯಲ್ಟಿಯಲ್ಲಿ 3 ಲಕ್ಷ ರೂಪಾಯಿವರೆಗೆ ವಿನಾಯಿತಿ ನೀಡಿತು. ಶಾಲೆಯ ಪಠ್ಯಪುಸ್ತಕಗಳಿಗೂ ಪತ್ರಿಕಾಲೇಖನಗಳಿಗೂ ಅದು ಅನ್ವಯಿಸದು. ಅದನ್ನು ಪಡೆಯಲು ಹಣ ಕೊಟ್ಟವರ ಪ್ರಮಾಣಪತ್ರ ಬೇಕು. ಎಷ್ಟು ಪ್ರತಿ ಮಾರಾಟವಾಯಿತೆಂಬುದನ್ನೇ ಬರೆದು ತಿಳಿಸದ ಪ್ರಕಾಶಕರಿಂದ ಪ್ರಮಾಣಪತ್ರವನ್ನು ನಿರೀಕ್ಷಿಸುವುದೆಂತು? ವರ್ಷಕ್ಕೊಮ್ಮೆ ಲಿಖಿತ ಲೆಕ್ಕ ಕೊಡುವುದು ಉಪಕಾರವಲ್ಲ, ಕರ್ತವ್ಯ. ಹೊಸ ಪದ್ಧತಿಯನ್ನು ಅನುಸರಿಸುವವರಿಗೆ ಈ ವಿನಾಯಿತಿ ದೊರೆಯುವುದಿಲ್ಲವೆಂಬುದನ್ನೂ ಲೇಖಕರು ನೆನಪಿನಲ್ಲಿಟ್ಟು, ಎರಡು ಪದ್ಧತಿಗಳನ್ನೂ ತೂಗಿ ನೋಡಿ ಆರಿಸಿಕೊಳ್ಳುವುದು ಒಳಿತು.

ಕಡೆಯದಾಗಿ ಸರಕಾರಕ್ಕೆ ಒಂದು ಮಾತು. ಗದ್ದೆಯ ಪೈರಿಗೆ ಋತುವಿದೆ. ಗ್ರಂಥಕ್ಕೆ ಅಂಥ ನಿಯಮವಿಲ್ಲ. ಐದು ವರ್ಷ ದುಡಿದು ಬರೆದ ಕಾದಂಬರಿಯ ಹಣ ಒಂದೇ ವರ್ಷದಲ್ಲಿ ಬಂದರೆ, ತೆರಿಗೆಯ ಕಣ್ಣಿಗೆ ಆ ಬಡ ಲೇಖಕ ಆ ಒಂದು ವರ್ಷದ ಮಟ್ಟಿಗೆ ಶ್ರೀಮಂತ. 1961ರ ಕಾಯಿದೆಯು ಈ ಸೂಕ್ಷ್ಮವನ್ನು ಅರಿತಿತ್ತು. ರಚನೆಗೆ 12 ತಿಂಗಳಿಗಿಂತ ಹೆಚ್ಚು ಹಿಡಿದ ಕೃತಿಯ ಪ್ರತಿಫಲವನ್ನು ಹಿಂದಿನ ವರ್ಷಗಳಿಗೂ ಹಂಚಿ ತೋರಿಸಲು ಅದರ 180ನೆಯ ಪ್ರಕರಣ ಅವಕಾಶ ಕೊಟ್ಟಿತ್ತು. ಶತಮಾನ ಮುಗಿಯುವ ಹೊತ್ತಿಗೆ ಆ ಸೌಲಭ್ಯ ನಿಂತುಹೋಯಿತು. ಬ್ರಿಟನ್ನಿನಲ್ಲಿ ಲೇಖಕರು ಎರಡು ವರ್ಷಗಳ ಲಾಭವನ್ನು ಸರಾಸರಿ ಮಾಡಿ ತೆರಿಗೆ ಕಟ್ಟಲು ಇಂದಿಗೂ ಅವಕಾಶವುಂಟು. 2025ರಲ್ಲಿ ಅಂಗೀಕೃತವಾಗಿ, 2026ರ ಏಪ್ರಿಲ್ 1ನ್ನು ಜಾರಿಯ ದಿನವೆಂದು ಗೊತ್ತುಮಾಡಿದ ಹೊಸ ಕಾಯಿದೆಯು 'ತೆರಿಗೆ ವರ್ಷ' ಎಂಬ ಒಂದೇ ಸರಳ ಮಾತನ್ನು ಬಳಕೆಗೆ ತಂದಿದೆ. ಸರಳತೆ ಸ್ವಾಗತಾರ್ಹ. ಆದರೆ ಕೃತಿಯ ವರ್ಷ ಬೇರೆ, ತೆರಿಗೆಯ ವರ್ಷ ಬೇರೆ ಎಂಬ ಹಳೆಯ ತಿಳಿವು ಮರಳಿ ಬರಬೇಕು.

ಅದನ್ನು ಕೇಳುವ ಧ್ವನಿ ಲೇಖಕರದೇ ಆಗಿರಬೇಕು. ತನ್ನ ದುಡಿಮೆಯ ಲೆಕ್ಕವನ್ನು ತಾನೇ ಇಡದವನು ನ್ಯಾಯವನ್ನು ಯಾವ ಆಧಾರದ ಮೇಲೆ ಕೇಳಿಯಾನು?