ಉಭಯಕುಶಲವೂ ಅದರ ಮುಂದಿನ ಮಾತೂ

ಹಿಂದಿನ ಕಾಲದ ಕಾಗದಗಳು "ಉಭಯಕುಶಲೋಪರಿ" ಎಂಬ ಮಾತಿನಿಂದ ಮೊದಲಾಗುತ್ತಿದ್ದುವು. ಇಲ್ಲಿಯವರೂ ಅಲ್ಲಿಯವರೂ ಕ್ಷೇಮವೆಂಬುದಾಯಿತು, ಇನ್ನು ಮೇಲೆ ಹೇಳತಕ್ಕುದೇನೆಂದರೆ, ಎಂದು ಅದರ ಭಾವ. ಕುಶಲವು ಕಾಗದದ ಹೊಸಲು ಮಾತ್ರ. ಮನೆಯು ಅದರ ಒಳಗಿತ್ತು. ಮಳೆ ಹೇಗಾಯಿತು, ಭತ್ತವೆಷ್ಟು ಬಂತು, ಅಜ್ಜಿಯ ಕಣ್ಣು ಹೇಗಿದೆ, ಯಾರ ಸಾಲ ತೀರಿತು, ಹುಡುಗನು ಯಾವ ಪಾಠದಲ್ಲಿ ಹಿಂದುಳಿದಿದ್ದಾನೆ, ಇವೆಲ್ಲವೂ "ಉಪರಿ" ಎಂಬ ಆ ಮೂರಕ್ಷರದ ಆಚೆಗೆ ಬರುತ್ತಿದ್ದುವು.

ಈಗ ನಂಜನಗೂಡು, ತಿರುಮಕೂಡಲು ನರಸೀಪುರಗಳ ಮನೆಗಳಿಂದಲೂ ಹದಿನೆಂಟು ಹತ್ತೊಂಬತ್ತು ವಯಸ್ಸಿನ ಮಕ್ಕಳು ಒಂದು ಸೆಮಿಸ್ಟರಿನ ಓದಿಗೆಂದೋ, ಇಡೀ ವ್ಯಾಸಂಗಕ್ಕೆಂದೋ ಜರ್ಮನಿ, ಇಂಗ್ಲೆಂಡು, ಅಮೆರಿಕಾ ಮೊದಲಾದ ದೇಶಗಳಿಗೆ ಹೋಗುತ್ತಿದ್ದಾರೆ. ಅವರೊಡನೆ ದಿನಕ್ಕೆ ಎರಡು ಮೂರು ಸಲ ಮುಖ ನೋಡಿ ಮಾತನಾಡುವ ಅನುಕೂಲವೂ ಒದಗಿದೆ. ಇಷ್ಟಾದರೂ ಆ ಮಾತು ಕುಶಲದಲ್ಲಿ ಹುಟ್ಟಿ ಕುಶಲದಲ್ಲಿಯೇ ಮುಗಿಯುತ್ತಿದೆ. ತಾಯಿತಂದೆಗಳು ಇದನ್ನು ಸಂಪರ್ಕವೆಂದು ಕರೆಯುತ್ತಾರೆ. ಪಾಠಶಾಲೆಯ ಭಾಷೆಯಲ್ಲಿ ಇದಕ್ಕೆ ಹಾಜರಿಯೆಂದು ಹೆಸರು.

ಇಂಥ ಒಂದು ಕರೆಯನ್ನು ಓದುಗರು ಮನಸ್ಸಿಗೆ ತಂದುಕೊಳ್ಳಲಿ. ನಂಜನಗೂಡಿನ ಒಂದು ಮನೆಯಲ್ಲಿ ಬೆಳಗಿನ ಆರು ಘಂಟೆ. ತಾಯಿಯು ಫೋನನ್ನು ಚೊಂಬಿಗೆ ಒರಗಿಸಿ ಕಾಫಿಗೆ ನೀರಿಡುತ್ತಾಳೆ. ಜರ್ಮನಿಯಲ್ಲಿ ಚಳಿಗಾಲದ ಲೆಕ್ಕದಲ್ಲಿ ಅದು ನಡುರಾತ್ರಿ ಒಂದೂವರೆ. "ಊಟವಾಯಿತೇ?" "ಆಯಿತು." "ಏನು ಮಾಡಿಕೊಂಡೆ?" "ಅನ್ನ, ಸಾರು." "ಮುಖವೇಕೆ ಬಾಡಿದೆ?" "ಏನೂ ಇಲ್ಲ." ತಂದೆಯು ಬಗ್ಗಿ ನೋಡಿ "ಓದು ಹೇಗೆ?" ಎನ್ನುತ್ತಾನೆ. "ಚೆನ್ನಾಗಿದೆ." ದೇವರ ಮಂಟಪವನ್ನು ತೋರಿಸಿದ್ದಾಗುತ್ತದೆ. "ಅಜ್ಜಿ ಎಲ್ಲಿ?" ಎಂದು ಹುಡುಗಿ ಕೇಳುತ್ತಾಳೆ. "ನರಸೀಪುರದಲ್ಲಿಯೇ ಇದ್ದಾರೆ, ಚೆನ್ನಾಗಿದ್ದಾರೆ." ಕರೆ ಮುಗಿಯಿತು. ಅಜ್ಜಿಯು ನಾಲ್ಕು ದಿನದಿಂದ ಮೈಸೂರಿನ ಆಸ್ಪತ್ರೆಯಲ್ಲಿದ್ದಾಳೆ. ಹುಡುಗಿಯು ಎಂಟು ದಿನದಿಂದ ತರಗತಿಗೆ ಹೋಗಿಲ್ಲ, ಒಂದು ಪತ್ರಿಕೆಯಲ್ಲಿ ತೇರ್ಗಡೆಯಾಗಿಲ್ಲ, ಒಲೆ ಹಚ್ಚದೆ ರೊಟ್ಟಿಯ ಚೂರು ತಿಂದು ಮಲಗುವವಳಿದ್ದಾಳೆ. ಉಭಯತ್ರ ಕುಶಲ!

ಇಲ್ಲಿ ಯಾರೂ ಕೆಟ್ಟವರಲ್ಲ. ಇಬ್ಬರೂ ಪ್ರೇಮದಿಂದಲೇ ಸುಳ್ಳಾಡಿದರು. ಆದರೆ ಪ್ರೇಮದ ಹೆಸರಿನಲ್ಲಿ ದಿನಕ್ಕೆ ಎರಡಾವರ್ತಿ ಸುಳ್ಳನ್ನು ಅಭ್ಯಾಸಮಾಡಿಸುವ ಶಾಲೆಯೊಂದನ್ನು ಮನೆಮನೆಯಲ್ಲಿ ತೆರೆದರೆ ಅದರ ಫಲವೇನೆಂಬುದನ್ನು ವಿಚಾರಮಾಡತಕ್ಕದ್ದು ಅವಶ್ಯವಲ್ಲವೆ? ಪದೇಪದೇ ಕೇಳಲ್ಪಡುವ ಪ್ರಶ್ನೆಗೆ ಮಕ್ಕಳು ನಿಜವನ್ನು ಹೇಳುವುದಿಲ್ಲ. ಪ್ರಶ್ನೆಯು ಬೇಗ ಮುಗಿಯುವಂಥ ಉತ್ತರವನ್ನು ಹೇಳುತ್ತಾರೆ. ತರಗತಿಯಲ್ಲಿ "ಅರ್ಥವಾಯಿತೇ?" ಎಂದು ಘಳಿಗೆಗೊಮ್ಮೆ ಕೇಳುವ ಉಪಾಧ್ಯಾಯನಿಗೆ "ಆಯಿತು" ಎಂಬ ಒಕ್ಕೊರಲಿನ ಉತ್ತರ ದೊರೆಯುವುದು ಎಲ್ಲರೂ ಬಲ್ಲ ವಿಷಯ. ಅರ್ಥವಾಗದಿದ್ದವನೇ ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾನೆ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಮಗಳು ಯಾವ ಬೀದಿಯಲ್ಲಿದ್ದಾಳೆಂಬುದನ್ನು ಫೋನಿನ ನಕ್ಷೆಯಲ್ಲಿ ನೋಡುತ್ತ ಕೂಡುತ್ತಾರೆ. ರಾತ್ರಿ ಎಷ್ಟು ಹೊತ್ತಿಗೆ ಫೋನನ್ನು ಕಡೆಯ ಸಲ ನೋಡಿದಳೆಂದು ಲೆಕ್ಕವಿಡುತ್ತಾರೆ. ಇವರು ಮೈಸೂರು ಸೀಮೆಯ ಚರಿತ್ರೆಯನ್ನು ಸ್ವಲ್ಪ ಓದಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673–1704) ಸಂಸ್ಥಾನದಲ್ಲಿ ಅಂಚೆಯ ವ್ಯವಸ್ಥೆ ಏರ್ಪಟ್ಟಾಗ ಅದಕ್ಕೆ ಎರಡು ಕೆಲಸಗಳಿದ್ದುವು: ಕಾಗದಗಳನ್ನು ಮುಟ್ಟಿಸುವುದೊಂದು, ಸೀಮೆಯ ಗುಟ್ಟುಗಳನ್ನು ಅರಮನೆಗೆ ತಿಳಿಸುವುದೊಂದು. ಅಂಚೆಯವರು ದೊರೆಯ ಗೂಢಚಾರರೂ ಆಗಿದ್ದರೆಂದು ಇತಿಹಾಸಕಾರನಾದ ವಿಲ್ಕ್ಸ್ ಬರೆದಿದ್ದಾನೆ. ಆ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಸೇರಿಹೋಯಿತು. ದೊರೆಗೆ ಗೂಢಚಾರರು ಬೇಕಾಗಬಹುದು, ಏಕೆಂದರೆ ಪ್ರಜೆಗಳೆಲ್ಲರೂ ತನಗೆ ನಿಜವನ್ನು ಹೇಳುತ್ತಾರೆಂದು ಅವನು ನಂಬುವಂತಿಲ್ಲ. ತಾಯಿತಂದೆಗಳಿಗೂ ಅವರು ಬೇಕಾದರೆಂದರೆ ಮನೆಯಲ್ಲಿ ನಂಬಿಕೆ ಹೋಗಿ ದೊರೆತನ ಬಂದಿತೆಂದೇ ಅರ್ಥ. ಮಗನಿಗೆ ಹದಿನಾರು ತುಂಬಿದ ಮೇಲೆ ಅವನನ್ನು ಮಿತ್ರನಂತೆ ಕಾಣಬೇಕೆಂದು ನೀತಿಕಾರರು ವಿಧಿಸಿದ್ದಾರೆ. ಮಿತ್ರನ ಹಿಂದೆ ಗೂಢಚಾರನನ್ನು ಬಿಡುವವರುಂಟೆ?

ಇನ್ನು ಮನೆಯವರು ಮರೆಮಾಚುವ ವಿಷಯ. ಇದೇ ಹೆಚ್ಚು ಘೋರವಾದುದು. "ಪರೀಕ್ಷೆ ಹತ್ತಿರವಿದೆ, ಹೇಳಬೇಡಿ" ಎಂಬ ಒಂದು ಮಾತಿನ ಕೆಳಗೆ ಎಷ್ಟು ರೋಗಗಳು, ಎಷ್ಟು ಸಾಲಗಳು, ಎಷ್ಟು ಮರಣಗಳು ಹೂತುಹೋಗುತ್ತವೆ! ಇದಕ್ಕೆ ದೊಡ್ಡದೊಂದು ನಿದರ್ಶನವುಂಟು. ಮೋಹನದಾಸ ಗಾಂಧಿಯವರು 1888ರ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮದ್ಯ, ಮಾಂಸ, ಪರಸ್ತ್ರೀಯರನ್ನು ಮುಟ್ಟುವುದಿಲ್ಲವೆಂದು ತಾಯಿಯ ಮುಂದೆ ಪ್ರತಿಜ್ಞೆಮಾಡಿ ಹೊರಟಿದ್ದರು. 1891ರಲ್ಲಿ ಬ್ಯಾರಿಸ್ಟರಾಗಿ, ತಾಯಿಯನ್ನು ಕಾಣಬೇಕೆಂಬ ಆತುರದಿಂದ ಮರಳಿ ಬಂದಿಳಿದರೆ, ಆಕೆಯು ತಾವು ಇಂಗ್ಲೆಂಡಿನಲ್ಲಿದ್ದಾಗಲೇ ತೀರಿಹೋಗಿದ್ದಳೆಂಬುದು ತಿಳಿಯಿತು. ಪರದೇಶದಲ್ಲಿ ಆ ಪೆಟ್ಟು ಬೀಳದಿರಲೆಂದು ಅಣ್ಣನು ಸುದ್ದಿಯನ್ನು ತಡೆದಿದ್ದನು. ತಂದೆಯ ಮರಣಕ್ಕಿಂತಲೂ ಇದರ ದುಃಖ ಹೆಚ್ಚಾಯಿತೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಣ್ಣನ ಉದ್ದೇಶ ಒಳ್ಳೆಯದೇ. ಅವನ ಪಕ್ಷದಲ್ಲಿ ಹೇಳುವುದಕ್ಕೂ ಇದೆ: ಆ ಕಾಲದಲ್ಲಿ ಹಡಗಿಗೆ ವಾರಗಟ್ಟಲೆ ಹಿಡಿಯುತ್ತಿತ್ತು, ತಿಳಿಸಿದ್ದರೂ ತಮ್ಮನು ಮುಖ ನೋಡುವಂತಿರಲಿಲ್ಲ. ಈಗ ಆ ಸಮಾಧಾನವೂ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತವನ ಜೇಬಿನಲ್ಲಿಯೇ ಆ ಯಂತ್ರವಿದೆ. ಅಜ್ಜಿಗೆ ಮೊಮ್ಮಗಳ ಮುಖವನ್ನೂ ಮೊಮ್ಮಗಳಿಗೆ ಅಜ್ಜಿಯ ಕಡೆಯ ಮಾತನ್ನೂ ಕ್ಷಣಮಾತ್ರದಲ್ಲಿ ಮುಟ್ಟಿಸಬಲ್ಲ ಸಾಧನವನ್ನು ಕೈಯಲ್ಲಿ ಹಿಡಿದು, ಅದರಿಂದ ದೇವರ ಮಂಟಪವನ್ನು ತೋರಿಸಿ "ಎಲ್ಲ ಚೆನ್ನಾಗಿದೆ" ಎಂದವರು ಮುಂದೆ ಆ ಹುಡುಗಿಗೆ ಯಾವ ಉತ್ತರವನ್ನು ಕೊಟ್ಟಾರು?

ಶಾಸ್ತ್ರವನ್ನು ಮುಂದಿಟ್ಟುಕೊಂಡು ಮಾತನಾಡುವ ಮನೆಗಳಲ್ಲಿಯೂ ಈ ಮರೆಮಾಚುವಿಕೆ ನಡೆಯುತ್ತಿದೆ. ಅಂಥವರು ಮನುಸ್ಮೃತಿಯ ಐದನೆಯ ಅಧ್ಯಾಯವನ್ನು ತೆರೆದು ನೋಡಲಿ. ದೇಶಾಂತರದಲ್ಲಿ ಜ್ಞಾತಿಯು ಸತ್ತ ಸುದ್ದಿಯನ್ನು ಹತ್ತು ದಿನದೊಳಗೆ ಕೇಳಿದವನಿಗೆ ಉಳಿದ ದಿನಗಳ ಸೂತಕ, ಹತ್ತು ದಿನ ಕಳೆದು ಕೇಳಿದವನಿಗೆ ಮೂರು ರಾತ್ರಿ, ವರ್ಷ ಕಳೆದ ಮೇಲಾದರೆ ಸ್ನಾನಮಾತ್ರ, ಎಂದು ಅಲ್ಲಿ ವಿಭಾಗವಿದೆ. ಎಲ್ಲವೂ ಕೇಳಿದ ದಿನವನ್ನು ಹಿಡಿದ ಲೆಕ್ಕ. ದೂರದಲ್ಲಿರುವವನಿಗೆ ಸುದ್ದಿಯು ತಡವಾಗಬಹುದೆಂಬುದನ್ನು ಧರ್ಮಶಾಸ್ತ್ರವು ಬಲ್ಲದು. ಬೇಕೆಂದೇ ತಡೆಯುವರೆಂಬುದನ್ನು ಅದು ಎಣಿಸಿಲ್ಲ. ದುಃಖಪಡುವುದೂ ಮನುಷ್ಯನ ಒಂದು ಅಧಿಕಾರವೇ ಸರಿ. ಪರೀಕ್ಷೆಯ ಹೆಸರಿನಲ್ಲಿ ಆ ಅಧಿಕಾರವನ್ನು ಕಸಿದುಕೊಳ್ಳುವವರು ಮಕ್ಕಳನ್ನು ಕಾಪಾಡುತ್ತಿರುವುದಿಲ್ಲ, ಅಂಕಗಳನ್ನು ಕಾಪಾಡುತ್ತಿರುತ್ತಾರೆ.

ಮರೆಮಾಚಿ ಸಾಧಿಸುವುದಾದರೂ ಏನು? 2018, 2019ರ ಮಳೆಗಾಲಗಳಲ್ಲಿ ಕಪಿಲೆಯು ಉಕ್ಕಿ ನಂಜನಗೂಡಿನ ಸ್ನಾನಘಟ್ಟವನ್ನು ಮುಳುಗಿಸಿ, ಮೈಸೂರಿನ ರಸ್ತೆಯ ಮೇಲೆಯೂ ಹರಿದಳು. ಅಂಥ ಚಿತ್ರಗಳು ಘಂಟೆಯೊಳಗೆ ಲೋಕವನ್ನೆಲ್ಲ ಸುತ್ತಿಬರುತ್ತವೆ. ಮನೆಯವರು "ನೀರೇನೂ ಬಂದಿಲ್ಲ" ಎನ್ನುವ ಹೊತ್ತಿಗೆ ಮಗನು ತನ್ನ ಬೀದಿಯಲ್ಲಿ ದೋಣಿಯನ್ನು ನೋಡಿಯಾಗಿರುತ್ತದೆ. ಆ ದಿನದಿಂದ ಅವನು ಮನೆಯ ಮಾತನ್ನು ನಂಬುವುದನ್ನು ಬಿಡುತ್ತಾನೆ. "ಚೆನ್ನಾಗಿದ್ದೇವೆ" ಎಂದರೆ ಏನೋ ಆಗಿದೆಯೆಂದು ತಿಳಿಯುತ್ತಾನೆ.

ಇದಕ್ಕೆ ಎದುರುಪಕ್ಷದವರು ಹೇಳುವುದುಂಟು: ಕಾಲ ಕೆಟ್ಟಿದೆ, ಘಳಿಗೆಗೊಮ್ಮೆ ವಿಚಾರಿಸದಿದ್ದರೆ ಹೇಗೆ? 2022ರಲ್ಲಿ ಏನಾಯಿತು? ನಿಜ, ಆ ವರ್ಷದ ಫೆಬ್ರವರಿ 24ರಂದು ರಷ್ಯವು ಯುಕ್ರೇನಿನ ಮೇಲೆ ಬಿದ್ದಾಗ ಸಾವಿರಾರು ಭಾರತೀಯ ವಿದ್ಯಾರ್ಥಿಗಳು ಅಲ್ಲಿ ಸಿಕ್ಕಿಕೊಂಡಿದ್ದರು. ಕರ್ನಾಟಕದ ಮಕ್ಕಳೂ ನೆಲಮಾಳಿಗೆಗಳಲ್ಲಿಯೂ ಸುರಂಗ ರೈಲಿನ ನಿಲ್ದಾಣಗಳಲ್ಲಿಯೂ ದಿನ ಕಳೆದರು. ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ಒಬ್ಬ ವೈದ್ಯವಿದ್ಯಾರ್ಥಿಯು ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೋಗಿ ಪ್ರಾಣ ಕಳೆದುಕೊಂಡನು. "ಆಪರೇಷನ್ ಗಂಗಾ" ಎಂಬ ಹೆಸರಿನಿಂದ ಭಾರತ ಸರ್ಕಾರವು ವಿಶೇಷ ವಿಮಾನಗಳಲ್ಲಿ ಹದಿನೆಂಟು ಸಾವಿರಕ್ಕೂ ಮೇಲ್ಪಟ್ಟು ಜನರನ್ನು ಕರೆತಂದಿತು. ಅಂಥ ದಿನಗಳಲ್ಲಿ ಘಂಟೆಗೊಂದು ಕರೆಯಾದರೂ ಕಡಮೆಯೇ. ಆದರೆ ಆ ಕರೆಗಳಲ್ಲಿ ಬೇಕಾದುದೇನು? ನೀರು ಎಷ್ಟಿದೆ, ಜೊತೆಯಲ್ಲಿ ಎಷ್ಟು ಮಂದಿ ಇದ್ದಾರೆ, ಯಾವ ಗಡಿಗೆ ಹೊರಟಿದ್ದಾರೆ ಎಂಬ ಖಚಿತವಾದ ನಿಜ. ಆರು ತಿಂಗಳು ಹಸಿದಿದ್ದಾಗಲೂ "ಊಟವಾಯಿತು" ಎಂದು ಅಭ್ಯಾಸವಾದ ನಾಲಗೆಗೆ ಆಪತ್ತಿನ ದಿನ ಹಠಾತ್ತಾಗಿ ನಿಜ ಹೊರಡುವುದೆ? ಅಪಾಯದ ಭಯವುಳ್ಳವರೇ ಎಲ್ಲರಿಗಿಂತ ಮೊದಲು ನಿಜದ ಅಭ್ಯಾಸವನ್ನು ಮಾಡಿಸಬೇಕು.

ಮತ್ತೊಂದು ವಿಷಯವನ್ನೂ ತಿಳಿದಿರಬೇಕು. ಅಮೆರಿಕಾದಲ್ಲಿ 1974ರ ಒಂದು ಕಾನೂನಿನಂತೆ, ಕಾಲೇಜನ್ನು ಸೇರಿದ ವಿದ್ಯಾರ್ಥಿಯ ಅಂಕಪಟ್ಟಿ ಮೊದಲಾದ ದಾಖಲೆಗಳ ಹಕ್ಕು ಅವನದೇ. ಕೆಲವು ವಿನಾಯಿತಿಗಳು ಹೊರತಾಗಿ ಅವನ ಒಪ್ಪಿಗೆಯಿಲ್ಲದೆ ತಾಯಿತಂದೆಗಳಿಗೆ ತಿಳಿಸುವಂತಿಲ್ಲ. ಇಲ್ಲಿಯ ಹಾಗೆ ಮುಖ್ಯೋಪಾಧ್ಯಾಯರ ಕೊಠಡಿಗೆ ಹೋಗಿ "ನಮ್ಮ ಹುಡುಗ ಹೇಗೆ ಓದುತ್ತಾನೆ?" ಎಂದು ಕೇಳಿಬರುವ ದಾರಿಯಿಲ್ಲ. ಮಕ್ಕಳ ಬಾಯಿಯೊಂದೇ ದಾರಿ. ಆ ಬಾಯಿಯನ್ನು ಗದರಿಕೆಯಿಂದಲೂ ಅತಿಪ್ರಶ್ನೆಯಿಂದಲೂ ಮುಚ್ಚಿಸಿದ ಮೇಲೆ ಉಳಿಯುವುದೇನು?

ಹಾಗೆಂದು, "ಹೋದವರು ತಮ್ಮ ಕಾಲ ಮೇಲೆ ತಾವು ನಿಲ್ಲಲಿ, ಬಿಟ್ಟುಬಿಡಿ" ಎನ್ನುವ ನವನಾಗರಿಕರ ಮಾತೂ ಒಪ್ಪತಕ್ಕುದಲ್ಲ. ಛಾಂದೋಗ್ಯದ ಶ್ವೇತಕೇತುವು ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ ಇಪ್ಪತ್ತನಾಲ್ಕಕ್ಕೆ ಹಿಂದಿರುಗಿದನು. ಎಲ್ಲವನ್ನೂ ಬಲ್ಲೆನೆಂಬ ಗರ್ವ ಅವನ ಮುಖದಲ್ಲಿತ್ತು. ತಂದೆಯಾದ ಉದ್ದಾಲಕನು ಅದನ್ನು ಕಂಡುಹಿಡಿದು, ಯಾವುದನ್ನು ತಿಳಿದರೆ ತಿಳಿಯದುದೆಲ್ಲವೂ ತಿಳಿಯುವುದೋ ಅದನ್ನು ಗುರುವಿನಲ್ಲಿ ಕೇಳಿದೆಯಾ ಎಂದು ಪ್ರಶ್ನಿಸಿದನು. ಮಗನಿಗೆ ಉತ್ತರ ತಿಳಿಯದು. ಗೊತ್ತಿಲ್ಲವೆಂದು ಒಪ್ಪಿಕೊಂಡು, ತಾವೇ ಹೇಳಬೇಕೆಂದು ಬೇಡಿದನು. ಉಪದೇಶವು ಅಲ್ಲಿಂದ ಮೊದಲಾಯಿತು. "ಗೊತ್ತಿಲ್ಲ" ಎಂದು ಮಗನು ನಾಚದೆ ಹೇಳಬಹುದಾದ ತಂದೆಯಾಗಿದ್ದನು ಉದ್ದಾಲಕ. ದೂರವು ಹನ್ನೆರಡು ವರ್ಷದ್ದಾದರೂ ಅಂಥ ತಂದೆಗೆ ಮಗನು ದೂರವಾಗುವುದಿಲ್ಲ.

ಹಾಗಾದರೆ ಮಾಡತಕ್ಕುದೇನು? ಕ್ಷೇಮವನ್ನು ತಿಳಿಯುವುದಕ್ಕೆ ದಿನಕ್ಕೊಂದು ಸಾಲಿನ ಸಂದೇಶ ಸಾಕು. ಜೊತೆಯಲ್ಲಿರುವ ಒಬ್ಬಿಬ್ಬರ ಸಂಖ್ಯೆಗಳು ಮನೆಯಲ್ಲಿರಲಿ. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿತವಾಗಿರಲಿ. ಕರೆಯು ವಾರಕ್ಕೊಂದಾದರೂ ಸರಿಯೇ, ಆದರೆ ಒಂದು ಘಂಟೆಯದಾಗಿರಲಿ, ಹುಡುಗಿಗೆ ಅನುಕೂಲವಾದ ಹೊತ್ತಿನಲ್ಲಿರಲಿ. ಅದಕ್ಕಿಂತ ಮುಖ್ಯವಾಗಿ, ತಿಂಗಳಿಗೆ ಎರಡಾದರೂ ಕಾಗದಗಳು ಹೋಗಿಬರಲಿ. ಫೋನಿನಲ್ಲಿಯೇ ಬರೆದರೂ ಬಾಧಕವಿಲ್ಲ. ಎದುರಿಗೆ ಮುಖವಿದ್ದಾಗ ಬಾಯಿಗೆ ಬಾರದ ಮಾತು ಒಂಟಿಯಾಗಿ ಬರೆಯುವಾಗ ಬರುತ್ತದೆ. ಜವಾಹರಲಾಲ್ ನೆಹರೂ ಅವರು ಮಗಳಿಗೆ ಹದಿಮೂರು ತುಂಬುತ್ತಿದ್ದ 1930ರಿಂದ ಮೂರು ವರ್ಷ ಸೆರೆಮನೆಗಳಿಂದ ಸುಮಾರು ಇನ್ನೂರು ಪತ್ರಗಳನ್ನು ಬರೆದರು. ಆಕೆಯು ಸಣ್ಣವಳೆಂದು ಲೋಕದ ಕಷ್ಟವನ್ನು ಅವುಗಳಲ್ಲಿ ಮರೆಮಾಚಲಿಲ್ಲ.

ಮಕ್ಕಳಿಗೆ ಕನ್ನಡದಲ್ಲಿ ಬರೆಯಲು ಬಾರದೆಂದು ಕೆಲವರು ಹೇಳುತ್ತಾರೆ. ಇದು ಯಾರ ತಪ್ಪು? ಬಾಲ್ಯದಲ್ಲಿಯೇ ವಿಧವೆಯಾಗಿ ಮನೆಯಲ್ಲಿ ಓದು ಕಲಿತ ತಿರುಮಲಾಂಬೆಯವರು 1913ರಲ್ಲಿ "ಸತೀ ಹಿತೈಷಿಣೀ" ಗ್ರಂಥಮಾಲೆಯನ್ನು ನಡೆಸಿದುದು ಇದೇ ನಂಜನಗೂಡಿನಿಂದ. ಅಂಥ ಊರಿನ ಹುಡುಗಿಗೆ ತಾಯಿಗೊಂದು ಕಾಗದ ಬರೆಯಲು ಅಕ್ಷರ ಸಾಲದೆಂದರೆ ನಾಚಿಕೆಪಡತಕ್ಕವರು ಅವಳಲ್ಲ. ತಪ್ಪುತಪ್ಪಾಗಿಯೇ ಬರೆಯಲಿ. ಅಕ್ಷರದ ತಪ್ಪನ್ನು ತಿದ್ದದೆ ಓದುವ ತಾಳ್ಮೆಯನ್ನು ತಂದೆಯು ಕಲಿಯಲಿ.

ಮೊದಲ ಹೆಜ್ಜೆಯನ್ನು ಇಡಬೇಕಾದವರು ಹಿರಿಯರೇ. ಮನೆಯವರು ನಿಜವನ್ನು ಹೇಳದೆ ಮಕ್ಕಳಿಂದ ನಿಜವನ್ನು ಬಯಸುವುದು ಬಿತ್ತದೆ ಬೆಳೆ ಕೊಯ್ಯಹೊರಟ ಹಾಗೆ. ಮುಂದಿನ ಕರೆಯಲ್ಲಿ ಹುಡುಗಿಯು "ಅಜ್ಜಿ ಎಲ್ಲಿ?" ಎಂದು ಕೇಳಿದಾಗ ತಾಯಿಯು ಫೋನನ್ನು ದೇವರ ಮಂಟಪದ ಕಡೆಗೆ ತಿರುಗಿಸದೆ, ಆಸ್ಪತ್ರೆಯ ಮಂಚದ ಬಳಿಗೆ ತೆಗೆದುಕೊಂಡು ಹೋಗಲಿ. ಹುಡುಗಿ ಅಳುತ್ತಾಳೆ, ಅಳಲಿ. ಅಳು ನಿಂತ ಮೇಲೆ ಅವಳೂ ತಾನು ಎಂಟು ದಿನದಿಂದ ತರಗತಿಗೆ ಹೋಗದಿರುವುದನ್ನು ಹೇಳುತ್ತಾಳೆ.