ಅನರ್ಥದಂಡ ಮತ್ತು ಆಕಾಶಯಾನ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದೆ ಜೀವಿಗಳಿಗೆ ನೋವುಂಟುಮಾಡುವುದೇ ಅನರ್ಥದಂಡ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇದರ ಒಂದು ಬಗೆಯನ್ನು ಪ್ರಮಾದಚರ್ಯೆ ಎಂದು ಕರೆಯುತ್ತದೆ. ನೆಲ, ನೀರು, ಬೆಂಕಿ, ಗಾಳಿಗಳನ್ನು ವ್ಯರ್ಥವಾಗಿ ಕಲಕುವುದಷ್ಟೇ ಅಲ್ಲ, ಕಾರಣವಿಲ್ಲದೆ ತಾನು ಅಲೆಯುವುದೂ ಪರರನ್ನು ಅಲೆಸುವುದೂ ಅದರಲ್ಲಿ ಸೇರಿವೆ. ಗಾಳಿಯನ್ನೇ ಕಾಯವಾಗಿ ಉಳ್ಳ ಜೀವಗಳಿವೆ ಎಂದು ನಂಬುವ ಧರ್ಮಕ್ಕೆ ಪಯಣದ ಮಿತಿಯೂ ಅಹಿಂಸೆಯ ಅಂಗವೇ.

ಈ ವಿವೇಕ ವಿಮಾನಯುಗಕ್ಕೆ ಇನ್ನಷ್ಟು ಅಗತ್ಯ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ವಿಮಾನಯಾನದ ಪಾಲು ಸುಮಾರು ಶೇ 2.5. ನೆಲ ಬಿಟ್ಟು ಮೇಲೇರುವಾಗಲೇ ಇಂಧನ ಹೆಚ್ಚು ಉರಿಯುವುದರಿಂದ, ದೂರ ಕಡಿಮೆಯಾದಷ್ಟೂ ಪ್ರತಿ ಕಿಲೋಮೀಟರಿನ ಹೊರೆ ಹೆಚ್ಚು. ಆದ್ದರಿಂದಲೇ ಆಸ್ಟ್ರಿಯಾ 2020ರಲ್ಲಿ 350 ಕಿ.ಮೀ.ಗಿಂತ ಕಡಿಮೆ ದೂರದ ವಿಮಾನಯಾನಕ್ಕೆ 30 ಯೂರೋ ತೆರಿಗೆ ವಿಧಿಸಿತು. ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ತಲುಪಬಹುದಾದ ಕೆಲವು ಊರುಗಳ ನಡುವಣ ವಿಮಾನಸಂಚಾರವನ್ನು ಫ್ರಾನ್ಸ್ 2023ರಲ್ಲಿ ನಿಷೇಧಿಸಿತು.

ನಮ್ಮಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಉಡಾನ್ ಯೋಜನೆಯು ಪ್ರಾದೇಶಿಕ ವಿಮಾನಯಾನಕ್ಕೆ ಸಹಾಯಧನ ನೀಡುತ್ತದೆ. ಹಾಸನದ ಬಳಿಯ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣ ರೂಪುಗೊಳ್ಳುತ್ತಿದೆ. ದೂರದ ನಾಡುಗಳಿಗೆ ಅದು ಬಾಗಿಲಾದರೆ ಆಕ್ಷೇಪವಿಲ್ಲ. ಆದರೆ ಬೆಂಗಳೂರು ಹಾಸನಕ್ಕೆ ಸುಮಾರು 180 ಕಿ.ಮೀ. ಮಾತ್ರ. ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಸಾಗುವ ರೈಲುಮಾರ್ಗ 2017ರಿಂದ ಇದೆ. ಹೀಗಿರುವಾಗ ಈ ಅಂತರವನ್ನು ಹಾರಿ ಕ್ರಮಿಸುವುದಕ್ಕೆ ಸಹಾಯಧನಕ್ಕಿಂತ ತೆರಿಗೆಯೇ ಉಚಿತ.

ರೋಗಿಯನ್ನು ಒಯ್ಯುವ ವಿಮಾನಕ್ಕೂ, ರೈಲಿಲ್ಲದ ಬೆಟ್ಟ, ದ್ವೀಪಗಳ ಜನರಿಗೂ ವಿನಾಯಿತಿ ಇರಬೇಕು. ಅಲ್ಲಿನ ಯಾನ ಅನರ್ಥವಲ್ಲ. ಬಂದ ಹಣ ಸಾಮಾನ್ಯರು ಏರುವ ರೈಲು, ಬಸ್ಸುಗಳಿಗೆ ಸಲ್ಲಬೇಕು. ಇಲ್ಲವಾದರೆ ಅದು ಬೊಕ್ಕಸ ತುಂಬುವ ಉಪಾಯವಷ್ಟೇ.

ಆದರೆ ತೆರಿಗೆ ವ್ರತವಲ್ಲ. ಸಿರಿವಂತನು ಹಣ ತೆತ್ತು ಹಾರಬಲ್ಲ. ಹಿಂಸೆಯ ಪಾಲನ್ನು ಹಣದಿಂದ ಕಳೆದುಕೊಳ್ಳಲಾರ. ಕಾನೂನು ಹೊರಗಿನ ಬೇಲಿ, ವ್ರತ ಒಳಗಿನ ಕಾವಲು. ಸಂಚರಿಸುವ ದಿಕ್ಕು, ದೂರಗಳಿಗೆ ಎಲ್ಲೆ ಹಾಕಿಕೊಳ್ಳುವ ದಿಗ್ವ್ರತ, ದೇಶವ್ರತಗಳು ಇರುವುದೂ ಇದಕ್ಕಾಗಿಯೇ. ಮಹಾಮಸ್ತಕಾಭಿಷೇಕಕ್ಕೆ ಮುನಿಸಂಘಗಳು ನೂರಾರು ಕಿಲೋಮೀಟರ್ ಬರಿಗಾಲಲ್ಲಿ ನಡೆದು ಬರುತ್ತವೆ. ಗೃಹಸ್ಥರಿಂದ ಅಷ್ಟು ಕಠಿಣ ಚರ್ಯೆಯನ್ನು ಧರ್ಮ ಬಯಸುವುದಿಲ್ಲ. ಟಿಕೆಟ್ ಕೊಳ್ಳುವ ಮುನ್ನ ಈ ಪಯಣ ಅರ್ಥವೋ ಅನರ್ಥವೋ ಎಂದು ಕ್ಷಣಕಾಲ ಯೋಚಿಸಿದರೆ, ಅಣುವ್ರತಿಯ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟಂತೆಯೇ ಸರಿ.